ಸಂಜೆ ನಾಲ್ಕರ ವಿಳಂಬ: ಹಳೆಯ ಕಂಪ್ಯೂಟರನ್ನೇ ರೂಟರ್ ಮಾಡಿಕೊಂಡವರಿಗೆ

ಮಂಡ್ಯದ ವಿ.ವಿ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ, ಮೊದಲ ಮಹಡಿಯಲ್ಲಿ ನನ್ನ ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಹದಿನೆಂಟು ಕಂಪ್ಯೂಟರ್‌ಗಳು, ಒಂದು ವೈಫೈ ಪೆಟ್ಟಿಗೆ, ಇವೆಲ್ಲಕ್ಕೂ ಹೆಬ್ಬಾಗಿಲಾಗಿ ಒಂದು ಹಳೆಯ ಡೆಸ್ಕ್‌ಟಾಪ್. ಅದಕ್ಕೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕಿದ್ದೇನೆ. ಅದೇ ನಮ್ಮ ರೂಟರ್.

ಬೆಳಿಗ್ಗೆಯೆಲ್ಲ ಕೀಲೆಣ್ಣೆ ಹಾಕಿದ ಗಾಡಿಯಂತೆ ಓಡುವ ಇಂಟರ್ನೆಟ್ ಸಂಜೆ ನಾಲ್ಕಾದರೆ ಮುಗ್ಗರಿಸುತ್ತಿತ್ತು. ವಿಡಿಯೊ ಮೂಲಕ ಇಂಗ್ಲಿಷ್ ಪಾಠ ಹೇಳುವ ಮೇಡಂ ಒಂದು ದಿನ, "ಸರ್, ನಾನು ಕೇಳಿದ ಪ್ರಶ್ನೆಗೆ ಮಕ್ಕಳ ಉತ್ತರ ಬರುವಷ್ಟರಲ್ಲಿ ನಾನು ಮುಂದಿನ ಪ್ರಶ್ನೆಗೆ ಹೋಗಿರುತ್ತೇನೆ" ಎಂದರು. ಬೆಳಿಗ್ಗೆ ವೇಗ ಪರೀಕ್ಷಿಸಿದರೆ, ಕೊಟ್ಟ ದುಡ್ಡಿಗೆ ತಕ್ಕಂತೆ 30 ಎಂಬಿಪಿಎಸ್ (ಸೆಕೆಂಡಿಗೆ 3 ಕೋಟಿ ಬಿಟ್) ಪೂರ್ತಿ ಬರುತ್ತಿತ್ತು. ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಎಂದು ಹೇಳಿದವರೇ ಹೆಚ್ಚು. ಅದಕ್ಕೆ ಮುಂಚೆ ಪ್ಯಾಕೆಟ್ (ಇಂಟರ್ನೆಟ್‌ನಲ್ಲಿ ಸಾಗುವ ಮಾಹಿತಿಯ ಪುಟ್ಟ ಕಟ್ಟು) ಎಲ್ಲಿ ನಿಂತು ಕಾಯುತ್ತಿದೆ ಎಂಬುದನ್ನು ಹುಡುಕಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಮೊದಲು ಒಂದು ಲೆಕ್ಕ. ಫೈಬರ್ ಎಂಬ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಇಲ್ಲಿಂದ ಬೆಂಗಳೂರು ನೂರು ಕಿ.ಮೀ. ಆಸುಪಾಸು. ಹೋಗಿ ಬರಲು ಬೆಳಕಿಗೆ ಬೇಕಾದದ್ದು ಒಂದು ಮಿಲಿಸೆಕೆಂಡ್. ದಾರಿ ಸುತ್ತುಬಳಸಾಗಿದ್ದರೂ, ನಡುವೆ ನಾಲ್ಕಾರು ಯಂತ್ರಗಳಿದ್ದರೂ ಹತ್ತೋ ಹದಿನೈದೋ ಆದೀತು. ಒಂದು ಪ್ಯಾಕೆಟ್ ಹೋಗಿ ಉತ್ತರ ಮರಳುವ ಹೊತ್ತನ್ನು ಅಳೆಯುವ ಪಿಂಗ್ 400 ಮಿಲಿಸೆಕೆಂಡ್ ತೋರಿಸುತ್ತಿದೆ ಎಂದರೆ ಅದು ದೂರದ ದೋಷವಲ್ಲ; ಎಲ್ಲೋ ಸಾಲು ನಿಂತಿದೆ.

ಆ ಸಾಲನ್ನು ಹುಡುಕಲು ಮೂರು ಕಡೆ ಪಿಂಗ್ ಓಡಿಸಿ. ತಂತಿಯಲ್ಲಿರುವ ಒಂದು ಕಂಪ್ಯೂಟರಿನಿಂದ ರೂಟರ್‌ಗೆ, ರೂಟರಿನಿಂದ ಸೇವೆ ಕೊಡುವವರ ಮೊದಲ ಯಂತ್ರಕ್ಕೆ, ಮತ್ತೆ ಕಂಪ್ಯೂಟರಿನಿಂದ ಹೊರಗಿನ ಒಂದು ವಿಳಾಸಕ್ಕೆ. ವೈಫೈ ಮೇಲೆ ಅಳೆಯಬೇಡಿ. ಗಾಳಿಯ ಏರಿಳಿತ ಲೆಕ್ಕವನ್ನು ಕೆಡಿಸುತ್ತದೆ. ಯಾರೂ ಬಳಸದಾಗ ಒಮ್ಮೆ ಅಳೆದು, ದೊಡ್ಡ ಕಡತವೊಂದನ್ನು ಮೇಲಕ್ಕೆ ಕಳುಹಿಸುತ್ತಾ (ಅಪ್‌ಲೋಡ್ ಮಾಡುತ್ತಾ) ಮತ್ತೊಮ್ಮೆ ಅಳೆಯಿರಿ. ಈ ಎರಡನೆಯ ಅಳತೆಯನ್ನು ಬಿಟ್ಟವರು ತಿಂಗಳುಗಟ್ಟಲೆ ಅಲೆಯುತ್ತಾರೆ. ನಾನೂ ಅಲೆದಿದ್ದೇನೆ.

ನನ್ನಲ್ಲಿ ಸಿಕ್ಕ ಅಂಕಿಗಳು ಹೀಗಿದ್ದವು. ರೂಟರಿನವರೆಗೆ ಎರಡೂ ಸಲ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಹೊರಗಿನ ವಿಳಾಸಕ್ಕೆ ಸುಮ್ಮನಿದ್ದಾಗ 11, ಕಡತ ಹೋಗುತ್ತಿರುವಾಗ 420. ಸಂಜೆ ನಾಲ್ಕರ ಗುಟ್ಟು ಅಲ್ಲಿಗೆ ಬಯಲಾಯಿತು. ಕಾಲೇಜು ಬಿಟ್ಟು ಬರುವ ಹುಡುಗರ ಮೊಬೈಲ್‌ಗಳು ವೈಫೈ ಸಿಕ್ಕಿದ ಕೂಡಲೇ ದಿನವಿಡೀ ತೆಗೆದ ಫೋಟೊಗಳನ್ನು ಬ್ಯಾಕಪ್‌ಗೆ ಕಳುಹಿಸುತ್ತಿದ್ದವು.

ಕಬ್ಬು ನುರಿಸುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ನಿಂತು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಗಳ ದೊಡ್ಡದಾದರೆ ಹೆಚ್ಚು ಟ್ರಾಕ್ಟರ್‌ಗಳು ಒಳಗೆ ನಿಲ್ಲುತ್ತವೆ. ಗಾಣ ಮಾತ್ರ ತನ್ನ ವೇಗದಲ್ಲೇ ಅರೆಯುತ್ತದೆ. ರೂಟರಿನ ಆಚೆ, ಫೈಬರ್ ಬಂದು ಸೇರುವ ಪೆಟ್ಟಿಗೆಯಲ್ಲೂ ಅಂಥ ಒಂದು ಅಂಗಳವಿದೆ. ತಲಾ 1500 ಬೈಟ್‌ಗಳ ಸಾವಿರ ಪ್ಯಾಕೆಟ್‌ಗಳು ಅಲ್ಲಿ ನಿಂತರೆ 1 ಕೋಟಿ 20 ಲಕ್ಷ ಬಿಟ್. 30 ಎಂಬಿಪಿಎಸ್ ದಾರಿಯಲ್ಲಿ ಅವೆಲ್ಲ ಖಾಲಿಯಾಗಲು 0.4 ಸೆಕೆಂಡ್ ಬೇಕು, ಅಂದರೆ 400 ಮಿಲಿಸೆಕೆಂಡ್. ಮೇಡಂ ಅವರ ಪ್ರಶ್ನೆಗೆ ಹೊರಟ ಉತ್ತರ ಆ ಸಾಲಿನ ಕೊನೆಯಲ್ಲಿ ನಿಂತಿತ್ತು. ಇದಕ್ಕೆ ತಂತ್ರಜ್ಞರು ಬಫರ್‌ಬ್ಲೋಟ್ ಎನ್ನುತ್ತಾರೆ.

ಪರಿಹಾರವೂ ಇದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಅದು ಸಾಲಿನ ಉದ್ದವನ್ನು ಎಣಿಸುವುದಿಲ್ಲ, ಕಾದ ಹೊತ್ತನ್ನು ನೋಡುತ್ತದೆ. 100 ಮಿಲಿಸೆಕೆಂಡ್ ಅವಧಿಯುದ್ದಕ್ಕೂ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್‌ಗಳನ್ನು ಬೀಳಿಸತೊಡಗುತ್ತದೆ. ಕಳುಹಿಸುವ ಯಂತ್ರ ಆ ಸೂಚನೆ ತಿಳಿದು ನಿಧಾನಿಸುತ್ತದೆ. ಎಫ್‌ಕ್ಯೂ-ಕೋಡೆಲ್ ಇದರ ಜೊತೆಗೆ ಪ್ರತಿ ಹರಿವಿಗೂ (ಒಂದು ಕರೆ, ಒಂದು ಬ್ಯಾಕಪ್ ಹೀಗೆ) ಬೇರೆ ಸಾಲು ಮಾಡುತ್ತದೆ: ಒಂದೇ ಗಾಡಿ ಕಬ್ಬು ತಂದ ರೈತ, ಐವತ್ತು ಟ್ರೇಲರ್ ತಂದವನ ಹಿಂದೆ ನಿಲ್ಲಬೇಕಾಗಿಲ್ಲ. 2018ರಲ್ಲಿ, ಓಪನ್‌ಡಬ್ಲ್ಯುಆರ್‌ಟಿಗೆ ತಳಹದಿಯಾದ ಲಿನಕ್ಸ್‌ನ 4.19ನೇ ಆವೃತ್ತಿಗೆ ಸೇರಿದ ಕೇಕ್ ಎಂಬ ವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ. ಯಾವ ಮೊಬೈಲೂ ತನ್ನ ಪಾಲಿಗಿಂತ ಹೆಚ್ಚು ಕಬಳಿಸದಂತೆ ಯಂತ್ರವಾರು ಹಂಚಬಲ್ಲದು.

ಇಲ್ಲಿ ನಾನು ಎಡವಿದ ಜಾಗವನ್ನು ಹೇಳಲೇಬೇಕು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಫ್‌ಕ್ಯೂ-ಕೋಡೆಲ್ ಮೊದಲಿನಿಂದಲೇ ಇರುತ್ತದೆ, ಆದ್ದರಿಂದ ನನ್ನಲ್ಲಿ ಸಾಲಿನ ತೊಂದರೆ ಇರಲಾರದು ಎಂದು ನಂಬಿ ಬೇರೆಲ್ಲ ಕಡೆ ಹುಡುಕಿದೆ. ಆದರೆ ನನ್ನ ರೂಟರಿಗೂ ಫೈಬರ್ ಪೆಟ್ಟಿಗೆಗೂ ನಡುವಿನ ತಂತಿ 1000 ಎಂಬಿಪಿಎಸ್. ರೂಟರ್ ಎಲ್ಲವನ್ನೂ ಕ್ಷಣದಲ್ಲಿ ಆಚೆ ತಳ್ಳುತ್ತದೆ, ತನ್ನಲ್ಲಿ ಸಾಲೇ ನಿಲ್ಲುವುದಿಲ್ಲ. ಸಾಲು ನಿಲ್ಲುವುದು ನನ್ನ ಕೈಗೆಟುಕದ ಆ ಪೆಟ್ಟಿಗೆಯಲ್ಲಿ. ಅದನ್ನು ನಮ್ಮ ಅಂಗಳಕ್ಕೆ ಎಳೆದುಕೊಳ್ಳಬೇಕಾದರೆ ನಮ್ಮ ರೂಟರೇ ಎಲ್ಲಕ್ಕಿಂತ ಕಿರಿದಾದ ಬಾಗಿಲಾಗಬೇಕು.

ಅದಕ್ಕೆ ಎಸ್‌ಕ್ಯೂಎಂ ಎಂಬ ಪ್ಯಾಕೇಜನ್ನು ಹಾಕಿ, ಹೊರಗಿನ ಸಂಪರ್ಕವನ್ನು ಆರಿಸಿ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇವೆ ಕೊಡುವವರ ಜಾಲಕ್ಕೆ ಸೇರುವ ವಿಧಾನ) ಮೂಲಕ ಲಾಗಿನ್ ಆಗುವವರು ಕಾರ್ಡಿನ ಹೆಸರನ್ನಲ್ಲ, ಪಿಪಿಪಿಒಇ ಸಂಪರ್ಕದ ಹೆಸರನ್ನೇ ಆರಿಸಬೇಕು. ಅಳೆದು ಸಿಕ್ಕ ವೇಗದ ಶೇಕಡಾ 90ರಷ್ಟನ್ನು ಎರಡೂ ದಿಕ್ಕಿಗೆ ಬರೆಯಿರಿ, ನನಗೆ 27. ಕೇಕ್ ಆರಿಸಿ ಉಳಿಸಿ. ಮತ್ತೆ ಕಡತ ಕಳುಹಿಸುತ್ತಾ ಪಿಂಗ್ ನೋಡಿ. ನನ್ನ 420 ಇಳಿದು 16ಕ್ಕೆ ಬಂತು. ಆ ಸಂಜೆ ಮೇಡಂ ಪಾಠ ಮುಗಿಯುವವರೆಗೂ ಪರದೆಯ ಮುಂದಿನಿಂದ ನಾನು ಏಳಲಿಲ್ಲ. ಪಿಂಗ್ ಚೆನ್ನಾಗಿದ್ದರೆ ಅಂಕಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪಿಂಗ್ ಮತ್ತೆ ಏರತೊಡಗಿದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ.

ಹೀಗೆ ಮಾಡಿಯೂ ಸರಿಯಾಗದಿದ್ದರೆ ಪ್ರೊಸೆಸರ್ ನೋಡಿ. ಒಟ್ಟು ಬಳಕೆ ಶೇಕಡಾ 25 ಎಂದು ಕಂಡರೆ ನೆಮ್ಮದಿಪಡಬೇಡಿ. ಪ್ರೊಸೆಸರಿನೊಳಗೆ ಕೆಲಸ ಮಾಡುವ ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ಬೆಂದು ಮೂರು ಮಲಗಿದ್ದರೂ ಅದೇ ಅಂಕಿ ಬರುತ್ತದೆ. ಹೆಚ್‌ಟಾಪ್ ಎಂಬ ಸಾಧನದಲ್ಲಿ ಪ್ರತಿ ಕೋರಿನ ಪಟ್ಟಿಯನ್ನೂ ನೋಡಬಹುದು. ಪಿಪಿಪಿಒಇ ಬಳಸುವಾಗ ಅನೇಕ ಕಾರ್ಡ್‌ಗಳು ಹರಿವುಗಳನ್ನು ಬೇರ್ಪಡಿಸಲಾರದೆ ಎಲ್ಲವನ್ನೂ ಒಂದೇ ಕೋರಿನ ತಲೆಗೆ ಕಟ್ಟುತ್ತವೆ.

ತಂತಿಯನ್ನು, ಅದರ ವೇಗ ತೋರಿಸುವ ಈಥ್‌ಟೂಲ್‌ನಿಂದ ಪರೀಕ್ಷಿಸಿ. 1000 ಇರಬೇಕಾದ ಕಡೆ 100 ಎಂದರೆ ನಾಲ್ಕು ಜೋಡಿ ಎಳೆಗಳಲ್ಲಿ ಒಂದು ತುಂಡಾಗಿರಬಹುದು. ನಮ್ಮಲ್ಲಿ ಅದನ್ನು ಇಲಿ ಕಡಿದಿತ್ತು. ಪಿಂಗ್ ಚೆನ್ನಾಗಿದ್ದೂ ಪುಟಗಳು ಮಾತ್ರ ತಡವಾಗಿ ತೆರೆದರೆ ಡಿಎನ್ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕಡೆ ನೋಡಿ. ದಾರಿಯ ಪ್ರತಿ ಯಂತ್ರವನ್ನೂ ಪಿಂಗ್ ಮಾಡಿ ತೋರಿಸುವ ಎಂಟಿಆರ್ ಓಡಿಸಿದಾಗ ನಡುವಿನ ಒಂದು ಯಂತ್ರದಲ್ಲಿ ಮಾತ್ರ ನಷ್ಟ ಕಂಡು, ಅದರ ಮುಂದಿನವುಗಳಲ್ಲಿ ಇಲ್ಲದಿದ್ದರೆ ಚಿಂತೆ ಬೇಡ. ಅದು ಪಿಂಗ್‌ಗೆ ಉತ್ತರಿಸುವುದನ್ನು ಮಿತಿಗೊಳಿಸಿದೆ, ಅಷ್ಟೇ. ಕಾರ್ಡಿನ ಇಂಟರಪ್ಟ್ (ಪ್ಯಾಕೆಟ್ ಬಂತೆಂದು ಪ್ರೊಸೆಸರನ್ನು ಕರೆಯುವ ಸಂಕೇತ) ಹೊಂದಿಕೆಗಳನ್ನು ತಿದ್ದುತ್ತಾ ರಾತ್ರಿ ಕಳೆಯಬೇಡಿ. ಅಲ್ಲಿ ಉಳಿತಾಯವಾಗುವುದು ಮೈಕ್ರೋಸೆಕೆಂಡುಗಳು, ನಮ್ಮ ನೋವು ಮಿಲಿಸೆಕೆಂಡುಗಳಲ್ಲಿದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅಳೆದು, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕರೆಂಟ್ ಹೋಗಿ ಬಂದ ಮೇಲೂ ಹೊಂದಿಕೆ ಉಳಿದಿದೆಯೇ ಎಂದು ರೂಟರನ್ನು ಒಮ್ಮೆ ಆರಿಸಿ ಹಚ್ಚಿ ನೋಡಿ. ಮುಂದೆ ಎಂದಾದರೂ ಪ್ಲಾನ್ ಬದಲಿಸಿದರೆ ಅದೇ ದಿನ ಎಸ್‌ಕ್ಯೂಎಂನ ಅಂಕಿಯನ್ನೂ ತಿದ್ದಿ. ಇಲ್ಲದಿದ್ದರೆ 100ಕ್ಕೆ ದುಡ್ಡು ಕೊಟ್ಟು 27ರಲ್ಲೇ ಉಳಿಯುತ್ತೀರಿ.