ಶೆಡ್ಡು ಕಾಯಿಸಬೇಡಿ, ಅಂಟು ಕಾಯಿಸಿ: ಬೆಂಗಳೂರು ಚಳಿಗೆ ವರ್ಕ್‌ಶಾಪ್ ಲೆಕ್ಕ

ಬೆಂಗಳೂರಲ್ಲಿ ವರ್ಕ್‌ಶಾಪಿಗೆ ಹೀಟರ್ ಬೇಕು ಅಂದರೆ ಗೋರಖಪುರದ ಕಡೆಯಿಂದ ಬಂದ ನಮ್ಮ ಪಾಲಿಶ್ ಹುಡುಗರು ನಗುತ್ತಾರೆ. ನಗಲಿ ಬಿಡಿ. ಅವರಿಗೆ ಇದು ಚಳಿಯೇ ಅಲ್ಲದಿರಬಹುದು, ಎಪಾಕ್ಸಿಗೆ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು, ಮರದ ಮೇಲೆ ಸುರಿಯಲೂ ಬಳಸುತ್ತೇವೆ) ಚಳಿಯಾಗುತ್ತದೆ. ನಾನು ಪೀಣ್ಯದ ಆಚೆ ಅಂದ್ರಹಳ್ಳಿ ಕಡೆ ಒಂದು ಶೀಟಿನ ಶೆಡ್ಡಿನಲ್ಲಿ ಮರದ ಟೇಬಲ್ಲು ಮಾಡುತ್ತೇನೆ, ಹಳೇ ಪೀಠೋಪಕರಣ ರಿಪೇರಿ ಮಾಡುತ್ತೇನೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ವಾರದಿಂದ ಹಿಡಿದು, ಚಳಿ ಶಿವಶಿವಾ ಅಂತ ಓಡಿಹೋಗುವ ಶಿವರಾತ್ರಿಯವರೆಗೂ ಯಾರಾದರೊಬ್ಬರು ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ: "ಯಾವ ಹೀಟರ್ ತಗೋಬೇಕು, ಬಿಲ್ ಎಷ್ಟು ಬರುತ್ತೆ?" ಅದಕ್ಕೆ ಉತ್ತರ ಇದು.

ಮೊದಲು ನಮ್ಮೂರ ಚಳಿ ಎಂಥದ್ದು ಅಂತ ನೋಡೋಣ. ಜನವರಿಯಲ್ಲಿ ಬೆಳಗಿನ ಜಾವ ಸರಾಸರಿ 16 ಡಿಗ್ರಿ ಆಸುಪಾಸು, ಮಧ್ಯಾಹ್ನ 27–28. ಇಲ್ಲಿಯವರೆಗಿನ ದಾಖಲೆ 1884ರ ಜನವರಿ 13ರಂದು 7.8 ಡಿಗ್ರಿ. ಅಂಥ ದಿನ ನಿಮ್ಮ ಪಾಲಿಗೆ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅಂದರೆ ದಿನಕ್ಕೆ ಹನ್ನೊಂದು ಹನ್ನೆರಡು ಡಿಗ್ರಿ ಬಿಸಿ ಸೂರ್ಯನೇ ಪುಕ್ಕಟೆ ಕೊಡುತ್ತಾನೆ. ತೊಂದರೆ ಇರುವುದು ಬೆಳಿಗ್ಗೆ ಹತ್ತರವರೆಗೆ, ಆಮೇಲೆ ಸಂಜೆ ಏಳರ ನಂತರ. ಶೀಟಿನ ಶೆಡ್ಡಾದರೆ ಇನ್ನೂ ಒಂದು ಕೈ ಹೆಚ್ಚು: ಮೋಡವಿಲ್ಲದ ರಾತ್ರಿ ಶೀಟು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಿಗ್ಗೆ ಶೀಟಿನ ಒಳಮೈಯಿಂದ ಟೇಬಲ್ ಮೇಲೆ ತೊಟ್ಟಿಕ್ಕುವ ನೀರು ಮಳೆಯದ್ದಲ್ಲ.

ಇನ್ನು ದುಡ್ಡು. ಲೆಕ್ಕ ಹಾಕುವ ಮೊದಲು ನಿಮ್ಮ ಕೊನೆಯ ಕರೆಂಟ್ ಬಿಲ್ ತೆಗೆದುಕೊಂಡು, ಒಟ್ಟು ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿ. ಬೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕ, ಇಂಧನ ಹೊಂದಾಣಿಕೆ, ತೆರಿಗೆ ಎಲ್ಲ ಸೇರುವುದರಿಂದ ನಿಜವಾಗಿ ಕೈಬಿಟ್ಟು ಹೋಗುವ ದುಡ್ಡು ದರಪಟ್ಟಿಯಲ್ಲಿರುವುದಕ್ಕಿಂತ ಹೆಚ್ಚು. ಮನೆಯ ಮೀಟರ್, ಅಂಗಡಿ ಮೀಟರ್, ಕೈಗಾರಿಕೆ ಮೀಟರ್ ಮೂರಕ್ಕೂ ದರ ಬೇರೆ ಬೇರೆ. ಇಲ್ಲಿ ನಾನು ಯೂನಿಟ್ಟಿಗೆ 8 ರೂಪಾಯಿ ಅಂತ ಹಿಡಿಯುತ್ತೇನೆ. ನಿಮ್ಮದು ಬೇರೆಯಿದ್ದರೆ ಅದನ್ನು ಹಾಕಿಕೊಳ್ಳಿ. 1000 ವ್ಯಾಟಿನ ಹೀಟರ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಅಷ್ಟೇ.

ಈಗ 20x30 ಅಡಿಯ, ಸರಾಸರಿ 12 ಅಡಿ ಎತ್ತರದ, ಒಳಗೆ ಏನೂ ಹೊದಿಸದ ಶೀಟಿನ ಶೆಡ್ಡು ತೆಗೆದುಕೊಳ್ಳಿ. ಹೊರಗಿಗಿಂತ ಬರೀ 5 ಡಿಗ್ರಿ ಬೆಚ್ಚಗಿಡಬೇಕು ಅಂದರೂ ಶೀಟಿನಿಂದ, ಬ್ಲಾಕ್ ಗೋಡೆಯಿಂದ, ರೋಲಿಂಗ್ ಶಟರಿನ ಸಂದಿಯಿಂದ ಹೋಗುವ ಬಿಸಿ ಹೆಚ್ಚುಕಮ್ಮಿ 4 ಕಿಲೋವ್ಯಾಟ್. ಗಂಟೆಗೆ 32 ರೂಪಾಯಿ. ಬೆಳಿಗ್ಗೆ ಮೂರು ಗಂಟೆ ಓಡಿಸಿದರೆ 96. ತಿಂಗಳಿಗೆ 25 ದಿನ ಕೆಲಸ ಅಂದರೆ 2,400 ರೂಪಾಯಿ. ಅಷ್ಟು ಕೊಟ್ಟಮೇಲೂ ಬಿಸಿಗಾಳಿ ಮೇಲೇರಿ ಶೀಟಿಗೆ ಅಂಟಿಕೊಂಡಿರುತ್ತದೆ, ಕೆಳಗೆ ನಿಮ್ಮ ಕಾಲು ಮರಗಟ್ಟಿರುತ್ತದೆ. 4 ಕಿಲೋವ್ಯಾಟ್ ಅಂದರೆ 17 ಆಂಪಿಯರಿಗೂ ಮೇಲೆ, ಒಂದು ಪವರ್ ಸಾಕೆಟ್ಟಿಗೆ ಹೊರಲಾಗದ ಹೊರೆ. ಇದರ ಜೊತೆ ಮರ ಹೆರೆಯುವ ಪ್ಲೇನರ್ ಹಾಕಿದಿರೋ, ಮಂಜೂರಾದ ಲೋಡ್ ಮೀರಿದಿರಿ.

ಆದ್ದರಿಂದ ಶೆಡ್ಡಿನ ಆಸೆ ಬಿಡಿ. ಬಿಸಿ ಬೇಕಾಗಿರುವುದು ಮೂರಕ್ಕೆ, ಈ ಅನುಕ್ರಮದಲ್ಲಿ: ಅಂಟು, ಮರ, ನೀವು.

ಅಂಟಿನಿಂದ ಶುರುಮಾಡೋಣ, ಯಾಕೆಂದರೆ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ಲಾಭ ಇಲ್ಲಿದೆ. ಎಪಾಕ್ಸಿ 10 ಡಿಗ್ರಿ ತಣ್ಣಗಾದರೆ ಗಟ್ಟಿಯಾಗಲು ಸುಮಾರು ಎರಡು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ತಣ್ಣನೆಯ ರೆಸಿನ್ (ಎಪಾಕ್ಸಿಯ ಮುಖ್ಯ ದ್ರವ) ದಪ್ಪಗಿರುತ್ತದೆ, ಕಲಸುವಾಗ ಸೇರಿದ ಗುಳ್ಳೆ ಮೇಲೆ ಬರುವುದಿಲ್ಲ. ಪಂಪಿನಿಂದ ಅಳೆಯುವವರಿಗೆ ಅಳತೆಯೇ ತಪ್ಪುತ್ತದೆ. ಕೆಲವು ಸಲ ಡಬ್ಬದ ತಳದಲ್ಲಿ ಸಕ್ಕರೆ ಪಾಕ ಕಟ್ಟಿದ ಹಾಗೆ ಹರಳು ಕೂತಿರುತ್ತದೆ. ಅದು ಕೆಟ್ಟಿಲ್ಲ, ಬಿಸಿನೀರಿನ ಬಕೆಟ್ಟಿನಲ್ಲಿ ಮುಚ್ಚಳ ಬಿಗಿದು ಕೂರಿಸಿದರೆ ಕರಗುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟಿಗೂ ಒಂದು ಕನಿಷ್ಠ ತಾಪಮಾನ ಇದೆ. ಅದಕ್ಕಿಂತ ಕೆಳಗಿಳಿದರೆ ಒಣಗಿದ ಅಂಟು ತಿಳಿಯಾಗಿ ಪದರಗಟ್ಟುವುದಿಲ್ಲ, ಬೆಳ್ಳಗೆ ಪುಡಿಪುಡಿಯಾಗುತ್ತದೆ. ಅಂಥ ಜಾಯಿಂಟು ಕೈಯಲ್ಲೇ ಬಿಚ್ಚಿಬರುತ್ತದೆ.

ಪರಿಹಾರ ಅಂಟಿನ ಡಬ್ಬ ಇಡಲು ಒಂದು ಬಿಸಿ ಪೆಟ್ಟಿಗೆ. ಗುಜರಿಯಲ್ಲಿ ಕಂಪ್ರೆಸರ್ ಸತ್ತ ಸಣ್ಣ ಫ್ರಿಜ್ ಸಿಕ್ಕರೆ ಬಹಳ ಒಳ್ಳೆಯದು, ಅದರ ಗೋಡೆಯಲ್ಲಿ ಫೋಮ್ ಮೊದಲೇ ಇದೆ. ಕೆಳಗಡೆ 60 ವ್ಯಾಟಿನ ಹಳೇ ಕಾಲದ ಬಲ್ಬು ಹಾಕಿ. ಎಲ್‌ಇಡಿ ಅಲ್ಲ, ತಂತಿ ಕಾಯುವ ಬಲ್ಬು. ಅದರ ಮೇಲೆ ಒಂದು ಮಣ್ಣಿನ ಕುಂಡ ಕವುಚಿ, ಡಬ್ಬ ನೇರವಾಗಿ ಬಲ್ಬಿಗೆ ತಾಗಬಾರದು. ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಮಾರುವ ಯಾವ ಅಂಗಡಿಯಲ್ಲಾದರೂ ಥರ್ಮೋಸ್ಟಾಟ್ ಬೋರ್ಡ್ ಕೇಳಿ ತನ್ನಿ, 25 ಡಿಗ್ರಿಗೆ ಇಡಿ. ಬಲ್ಬು ಆರದೆ ರಾತ್ರಿ ಹನ್ನೆರಡು ಗಂಟೆ ಉರಿದರೂ ಮುಕ್ಕಾಲು ಯೂನಿಟ್ ಆಗುವುದಿಲ್ಲ, ಆರು ರೂಪಾಯಿ. ಥರ್ಮೋಸ್ಟಾಟ್ ಆಗಾಗ ಆರಿಸುವುದರಿಂದ ಅದೂ ಖರ್ಚಾಗುವುದಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಇದರೊಳಗೆ ಎಪಾಕ್ಸಿ ಮತ್ತು ಬಿಳಿ ಅಂಟು ಬಿಟ್ಟು ಬೇರೇನೂ ಇಡಬೇಡಿ. ಥಿನ್ನರ್, ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಪಿಯು (ಪಾಲಿಯುರೆಥೇನ್) ಪಾಲಿಶ್ ಯಾವುದೂ ಬೇಡ. ಆವಿ ತುಂಬಿದ ಪೆಟ್ಟಿಗೆಯಲ್ಲಿ ಥರ್ಮೋಸ್ಟಾಟಿನ ಸ್ವಿಚ್ಚಿನ (ರಿಲೇ) ಒಂದು ಕಿಡಿ ಸಾಕು, ಬೆಂಕಿ ಹತ್ತಲು.

ಮುಂದಿನದು ಮರ. ಬೆಚ್ಚಗಿನ ರೆಸಿನ್ನನ್ನು ತಣ್ಣನೆಯ ಹಲಗೆ ಮೇಲೆ ಸುರಿದರೆ ಪೆಟ್ಟಿಗೆಯ ಕೆಲಸವೆಲ್ಲ ಎರಡೇ ನಿಮಿಷದಲ್ಲಿ ಹೋಯಿತು. ಗಾಳಿಯ ಥರ್ಮಾಮೀಟರ್ ನಂಬಬೇಡಿ, ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ಹಲಗೆಯ ಮೈ ನೋಡಿ. ಬೆಳಿಗ್ಗೆ ಹತ್ತಕ್ಕೆ ಗೋಡೆಯ ಮೇಲಿನ ಮೀಟರ್ 22 ತೋರಿಸುತ್ತಿರುವಾಗ, ಎರಡು ಇಂಚು ದಪ್ಪದ ಹೊನ್ನೆ ಹಲಗೆ 17ರಲ್ಲೇ ಮಲಗಿರುತ್ತದೆ. ಅದಕ್ಕೆ ನಮ್ಮಲ್ಲಿ ಚಳಿಗಾಲದ ಹೊಯ್ಯುವ ಕೆಲಸವೆಲ್ಲ ಊಟವಾದ ಮೇಲೆಯೇ. ಬೆಳಿಗ್ಗೆ ಕತ್ತರಿಸುವುದು, ಉಜ್ಜುವುದು. ಹಲಗೆಯನ್ನು ಹನ್ನೊಂದರ ಹೊತ್ತಿಗೆ ಶಟರಿನ ಹತ್ತಿರ ಬಿಸಿಲು ಬೀಳುವ ಜಾಗಕ್ಕೆ ತಂದು ಒರಗಿಸುವುದು. ಎರಡು ಗಂಟೆಗೆ ಒಳಗೆ ತಂದು ಸುರಿಯುವುದು. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮರ ಕಾಯುತ್ತಿರುವಾಗ ಅದರ ರಂಧ್ರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ರೆಸಿನ್ನಿನಲ್ಲಿ ಸಾಲುಗಟ್ಟಿ ಗುಳ್ಳೆ ಏಳುತ್ತವೆ. ಆರುತ್ತಿರುವಾಗ ಸುರಿದರೆ ಅದೇ ರಂಧ್ರ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಮರವನ್ನು ಮೊದಲು ಕಾಯಿಸಿ, ಬಿಸಿ ತಪ್ಪಿಸಿ, ಆಮೇಲೆ ಸುರಿಯಿರಿ.

ಸುರಿದ ಮೇಲೆ ಸಂಜೆಯ ಚಳಿಯಿಂದ ಕಾಪಾಡಲು ಡೇರೆ ಕಟ್ಟಿ. ಆರಡಿ ಟೇಬಲ್ಲಿಗೆ 8x6 ಅಡಿ, ಏಳಡಿ ಎತ್ತರದ ಪೈಪಿನ ಚೌಕಟ್ಟು, ಮೇಲೆ ಟಾರ್ಪಾಲು. ಇಷ್ಟು ಜಾಗವನ್ನು ಆರು ಡಿಗ್ರಿ ಬೆಚ್ಚಗಿಡಲು 600 ವ್ಯಾಟ್ ಸಾಕು. ಸಂಜೆ ಆರರಿಂದ ಹತ್ತರವರೆಗೆ ಸುಮಾರು ಎರಡೂವರೆ ಯೂನಿಟ್, 20 ರೂಪಾಯಿ. ಇದಕ್ಕೆ ಎಣ್ಣೆ ತುಂಬಿದ ರೇಡಿಯೇಟರ್ ಒಳ್ಳೆಯದು. ಇಲ್ಲೊಂದು ಭ್ರಮೆ ಕಳೆಯಬೇಕು: ಎಣ್ಣೆಯದ್ದು ಕರೆಂಟ್ ಉಳಿಸುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ, ಉಳಿಸುವುದಿಲ್ಲ. ಫ್ಯಾನ್ ಹೀಟರ್, ಕ್ವಾರ್ಟ್ಜ್ ರಾಡ್, ಎಣ್ಣೆ ರೇಡಿಯೇಟರ್ ಎಲ್ಲವೂ ಒಂದು ಯೂನಿಟ್ಟಿಗೆ ಒಂದು ಯೂನಿಟ್ ಬಿಸಿಯನ್ನೇ ಕೊಡುತ್ತವೆ. ನೀವು ಹೆಚ್ಚು ದುಡ್ಡು ಕೊಡುವುದು ಅದರಲ್ಲಿ ಕೆಂಪಗೆ ಕಾದ ತಂತಿ ಹೊರಗೆ ಕಾಣುವುದಿಲ್ಲ ಅನ್ನುವುದಕ್ಕೆ. ಮರದ ಪುಡಿ ಹಾರುವ ಜಾಗದಲ್ಲಿ ಆ ದುಡ್ಡು ದಂಡವಲ್ಲ. ಹಲಗೆಗಳ ನಡುವೆ ನದಿಯ ಹಾಗೆ ದಪ್ಪಗೆ ರೆಸಿನ್ ಸುರಿಯುವ ರಿವರ್ ಟೇಬಲ್ಲಿಗೆ ಮಾತ್ರ ಹೀಟರ್ ಬೇಡ, ಅಷ್ಟು ರೆಸಿನ್ ತಾನೇ ಕಾಯುತ್ತದೆ. ಮತ್ತೆ ಬಿಸಿ ಕೊಟ್ಟರೆ ಹಳದಿಯಾಗಿ ಬಿರುಕು ಬಿಡುತ್ತದೆ. ಲ್ಯಾಕರ್ ಹೊಡೆಯುವವರು ಡೇರೆಯನ್ನು ಮೊದಲೇ ಕಾಯಿಸಿ, ಹೀಟರ್ ಹೊರಗೆ ತಂದು, ಆಮೇಲಷ್ಟೇ ಸ್ಪ್ರೇ ಗನ್ ಮುಟ್ಟಬೇಕು.

ವಿದ್ಯುತ್ತಿನಲ್ಲಿ ನಿಜವಾಗಿ ಉಳಿಸುವುದು ಹಾಟ್ ಅಂಡ್ ಕೋಲ್ಡ್ ಎಸಿ ಒಂದೇ, ಒಂದು ಯೂನಿಟ್ಟಿಗೆ ಮೂರು ಯೂನಿಟ್ ಬಿಸಿ ತಂದುಕೊಡುತ್ತದೆ. ಮುಚ್ಚಿದ ಫಿನಿಶಿಂಗ್ ಕೋಣೆ ಇದ್ದವರು ಯೋಚಿಸಬಹುದು. ಶೀಟಿನ ಶೆಡ್ಡಿಗೆ ಬೇಡ.

ಗ್ಯಾಸ್ ಹೀಟರ್ ಅಗ್ಗ ಅನ್ನುವವರಿಗೆ: ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್ ಬಿಸಿ ಇದೆ, 19 ಕೆಜಿ ಸಿಲಿಂಡರಿನಲ್ಲಿ 240 ಚಿಲ್ಲರೆ. ಸಿಲಿಂಡರ್ 1,800 ರೂಪಾಯಿ ಅಂದುಕೊಂಡರೆ ಯೂನಿಟ್ಟಿಗೆ ಏಳೂವರೆ. ಕರೆಂಟಿಗೂ ಇದಕ್ಕೂ ಎಂಟಾಣೆ ವ್ಯತ್ಯಾಸ. ಆ ಎಂಟಾಣೆಗಾಗಿ ಕೆಜಿಗೆ ಒಂದೂವರೆ ಲೀಟರಿಗೂ ಹೆಚ್ಚು ನೀರಾವಿಯನ್ನು ಶೆಡ್ಡಿನೊಳಗೆ ಬಿಟ್ಟುಕೊಳ್ಳುತ್ತೀರಿ. ಅದೆಲ್ಲ ಹೋಗಿ ಕೂರುವುದು ಮರ ಕೊಯ್ಯುವ ಯಂತ್ರದ (ಟೇಬಲ್ ಸಾ) ಮೇಲೆ. ಚಳಿಗಾಲದ ಬೆಳಿಗ್ಗೆ ಸಾ ಬೆಡ್ಡಿನ ಮೇಲೆ ಬೆರಳು ಎಳೆದು ನೋಡಿ, ಗ್ಯಾಸ್ ಇಲ್ಲದೆಯೂ ಒದ್ದೆ ಗೆರೆ ಮೂಡುತ್ತದೆ. ಎರಡು ದಿನ ಬಿಟ್ಟರೆ ಅದೇ ಗೆರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ಯಾಸ್ಟ್ ಐರನ್ ಬೆಡ್ಡು ಇರುವವರು ವಾರಕ್ಕೊಮ್ಮೆ ಮೇಣ ಉಜ್ಜಿ, ರಾತ್ರಿ ಹಳೇ ಕಂಬಳಿ ಹೊದಿಸಿ. ಇನ್ನು ಬಾಂಡ್ಲಿಯಲ್ಲಿ ಇದ್ದಿಲು ಹಾಕಿಕೊಂಡು ಶಟರ್ ಎಳೆದು ಮಲಗುವ ವಾಚ್‌ಮನ್ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಅವನಿಗೊಂದು ರಗ್ಗು ಕೊಡಿಸಿ.

ಕೊನೆಗೆ ನೀವು. 400 ವ್ಯಾಟಿನ ಎರಡು ರಾಡಿರುವ ಕ್ವಾರ್ಟ್ಜ್ ಹೀಟರನ್ನು ಗಾಳಿಗಲ್ಲ, ನಿಮ್ಮ ಮೈಗೆ ತಿರುಗಿಸಿ. ಅದರ ಬಿಸಿ ಬೆಳಕಿನಂತೆ ನೇರ ಬಂದು ಬೀಳುತ್ತದೆ, ಶೆಡ್ಡು ಎಷ್ಟು ದೊಡ್ಡದಾದರೂ ಸರಿ. ಕೂತು ಕೆತ್ತುವ, ಕಾರ್ವಿಂಗ್ ಮಾಡುವ ಕೆಲಸಕ್ಕೆ ಎರಡು ಗಂಟೆಗೆ 13 ರೂಪಾಯಿ. ಮೂರಡಿ ದೂರ ಇರಲಿ, ಸುತ್ತ ಗುಡಿಸಿರಲಿ, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಕಾಲಡಿಗೆ ಉಳಿದ ಪ್ಲೈವುಡ್ ತುಂಡು ಹಾಕಿಕೊಂಡು ನಿಂತರೆ ಅರ್ಧ ಚಳಿ ಅಲ್ಲೇ ಹೋಗುತ್ತದೆ, ಸಿಮೆಂಟ್ ನೆಲವೇ ನಿಜವಾದ ಶತ್ರು. ಮಂಕಿ ಕ್ಯಾಪ್ ಹಾಕಿಕೊಳ್ಳಿ, ಯಾರೂ ನೋಡುವುದಿಲ್ಲ. ಮಫ್ಲರ್, ಶಾಲು, ಉಲ್ಲನ್ ಕೈಗವಸು ಮಾತ್ರ ತಿರುಗುವ ಯಂತ್ರದ ಹತ್ತಿರ ಬೇಡವೇ ಬೇಡ.

ಮನೆಯ ಗ್ಯಾರೇಜಿನಲ್ಲಿ ಹವ್ಯಾಸಕ್ಕೆ ಮರಗೆಲಸ ಮಾಡುವವರು ಬೇರೆ ಲೆಕ್ಕ ಹಾಕಬೇಕು, ಅವರಿಗೆ ಗೃಹಜ್ಯೋತಿ ಇದೆ. 2000 ವ್ಯಾಟಿನ ಫ್ಯಾನ್ ಹೀಟರ್ ದಿನಕ್ಕೆ ಮೂರು ಗಂಟೆ ಓಡಿದರೆ ತಿಂಗಳಿಗೆ 180 ಯೂನಿಟ್. ಮನೆಯ ಬಳಕೆಯೂ ಸೇರಿ 200 ದಾಟಿತೋ, ಹೆಚ್ಚಾದ ಯೂನಿಟ್ಟಿಗೆ ಮಾತ್ರವಲ್ಲ, ಆ ತಿಂಗಳ ಇಡೀ ಬಿಲ್ ಕಟ್ಟಬೇಕು. 200ರೊಳಗೇ ಇದ್ದರೂ ನಿಮಗೆ ನಿಗದಿಯಾದ ಮಿತಿ ಮೀರಿದ್ದಕ್ಕೆ ದುಡ್ಡು ಬೀಳುತ್ತದೆ. ಹೀಟರಿನ ನಿಜವಾದ ಬೆಲೆ ಅಲ್ಲಿ ಕಾಣುತ್ತದೆ. ಬಲ್ಬಿನ ಪೆಟ್ಟಿಗೆಗೆ ಈ ಭಯವಿಲ್ಲ.

ಇಷ್ಟೆಲ್ಲ ನಡೆಯುವುದು ಮಧ್ಯಾಹ್ನ ಬಿಸಿಲು ಬಂದರೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಬೆಂಗಳೂರಿಗೆ ಮೋಡ ಕವಿದರೆ, 2022ರ ಡಿಸೆಂಬರಿನಲ್ಲಿ ಮಾಂಡೌಸ್ ಬಂದಾಗಿನ ಹಾಗೆ, ದಿನವಿಡೀ ಜಿಟಿಜಿಟಿ ಮಳೆ, ಮಧ್ಯಾಹ್ನವೂ ತಣ್ಣಗೆ. ಅಂಥ ದಿನ ಹಲಗೆಯ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ತಾಪಮಾನ) ಕನಿಷ್ಠ 3 ಡಿಗ್ರಿ ಮೇಲಿಲ್ಲದಿದ್ದರೆ ಯಾವ ಫಿನಿಶ್ಶೂ ಹೊಡೆಯಬೇಡಿ, ಬೆಳ್ಳಗೆ ಮಂಕಾಗುತ್ತದೆ. ತೇವಾಂಶ ಮತ್ತು ತಾಪಮಾನ ಎರಡೂ ತೋರಿಸುವ ಸಣ್ಣ ಮೀಟರ್ ಒಂದು ಗೋಡೆಗಿರಲಿ. ಎರಡು ಅಂಕಿ ಫೋನಿನಲ್ಲಿ ಹಾಕಿದರೆ ಇಬ್ಬನಿ ಬಿಂದು ಸಿಗುತ್ತದೆ. ಹೊಂದದಿದ್ದರೆ ಗಿರಾಕಿಗೆ ಫೋನ್ ಮಾಡಿ ಎರಡು ದಿನ ತಡ ಅಂತ ಹೇಳಿ, ಅವತ್ತು ಉಳಿ ಮಸೆಯಿರಿ.