ಬೇಸಿಗೆ ಫೀಡಿನಲ್ಲಿ ಸೋಯಾ ಇಳಿಸಿ ಮೆಥಿಯೊನಿನ್ ಏರಿಸಿದೆ: ನನ್ನ ಅನುಭವ

ಹೊಸಪೇಟೆ ಹತ್ತಿರ ನಮ್ಮದೊಂದು ಲೇಯರ್ ಫಾರ್ಮ್, ಅಂದರೆ ಮೊಟ್ಟೆ ಕೋಳಿ ಫಾರ್ಮ್ ಇದೆ. ಎಂಟು ಸಾವಿರ ಬಿವಿ-300 ತಳಿಯ ಕೋಳಿಗಳು, ಎಲ್ಲವೂ ಕೇಜ್‌ನಲ್ಲಿ. ಫೀಡ್ ಹೊರಗಿನಿಂದ ತರುವುದಿಲ್ಲ. ಮೆಕ್ಕೆಜೋಳ, ಸೋಯಾ ಹಿಂಡಿ, ತೌಡು, ಕಪ್ಪೆಚಿಪ್ಪು, ವಿಟಮಿನ್ ಖನಿಜಗಳ ಪ್ರೀಮಿಕ್ಸ್ ತರಿಸಿ ನಾವೇ ಮಿಕ್ಸ್ ಮಾಡಿಕೊಳ್ಳುತ್ತೇವೆ. ಹಾಗಾಗಿ ಫೀಡಿನಲ್ಲಿ ಏನು ಹೆಚ್ಚುಕಮ್ಮಿ ಆದರೂ ಹೊಣೆ ನನ್ನದೇ.

2023ರ ಏಪ್ರಿಲ್‌ನಲ್ಲಿ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಇದೇ ತಪ್ಪನ್ನು ಈಗಲೂ ತುಂಬಾ ಜನ ಮಾಡುತ್ತಿರುವುದನ್ನು ನೋಡುತ್ತಿದ್ದೇನೆ.

ಬಿಸಿಲು ಏರುತ್ತಿದ್ದಂತೆ ಕೋಳಿಗಳು ತಿನ್ನುವುದು ಕಮ್ಮಿ ಮಾಡಿದವು. ದಿನಕ್ಕೆ ಹದಿನೇಳೂವರೆ ಚೀಲ ಖಾಲಿಯಾಗುತ್ತಿದ್ದ ಫೀಡು ಹದಿನಾಲ್ಕು ಚೀಲಕ್ಕೆ ಬಂತು. ಮೊಟ್ಟೆ ಸಣ್ಣದಾಯಿತು, ಸಿಪ್ಪೆ ತೆಳುವಾಯಿತು. ನನಗೆ ಹೊಳೆದದ್ದು ಇಷ್ಟೇ: ಕಮ್ಮಿ ತಿನ್ನುತ್ತಿವೆ, ಹಾಗಾದರೆ ತಿಂದಷ್ಟರಲ್ಲೇ ಪ್ರೋಟೀನ್ ಜಾಸ್ತಿ ಇರಲಿ. ಟನ್ನಿಗೆ ಮೂವತ್ತು ಕಿಲೋ ಸೋಯಾ ಹಿಂಡಿ ಏರಿಸಿದೆ. ಅಂಗಡಿಯವರು ಕೊಟ್ಟ ಅಮೈನೋ ಆಮ್ಲದ (ಪ್ರೋಟೀನ್ ಕಟ್ಟುವ ಸಣ್ಣ ತುಣುಕುಗಳು) ಟಾನಿಕ್ಕನ್ನೂ ನೀರಿನ ಟ್ಯಾಂಕಿಗೆ ದಿನಕ್ಕೊಂದು ಲೀಟರ್ ಸುರಿದೆ.

ಹತ್ತು ದಿನ ಆಗಿರಬೇಕು. ಮಧ್ಯಾಹ್ನ ಮೂರು ಗಂಟೆಗೆ ನಮ್ಮಲ್ಲಿ ಕೆಲಸ ಮಾಡುವ ಅಕ್ಕ ಓಡಿ ಬಂದರು. "ಅಣ್ಣಾರ, ಲಗೂನ ಬರ್ರಿ. ಕೋಳಿ ಬಾಯಿ ಮುಚ್ಚವಲ್ಲವ್ರೀ." ಹೋಗಿ ನೋಡಿದರೆ ಇಡೀ ಶೆಡ್ ಏದುಸಿರು ಬಿಡುತ್ತಿತ್ತು. ರೆಕ್ಕೆ ಮೈಯಿಂದ ಅಗಲ ಮಾಡಿ, ಕತ್ತು ಚಾಚಿ, ಗಂಟಲು ಪಟಪಟ ಬಡಿಯುತ್ತಿತ್ತು. ಜುಟ್ಟು ಬಾಡಿ ಬಣ್ಣ ಕಪ್ಪಾಗಿತ್ತು. ಸಂಜೆ ಆರರ ಹೊತ್ತಿಗೆ ನಲವತ್ತೊಂದು ಕೋಳಿ ಹೋದವು. ಸತ್ತದ್ದರಲ್ಲಿ ಹೆಚ್ಚಿನವು ಮೈ ತುಂಬಿಕೊಂಡಿದ್ದ, ಚೆನ್ನಾಗಿ ಇಡುತ್ತಿದ್ದ ಕೋಳಿಗಳೇ. ಎತ್ತಿಕೊಂಡಾಗ ಕೈಗೆ ಸುಡುವಷ್ಟು ಬಿಸಿ ಇದ್ದವು.

ಮರುದಿನ ಡಾಕ್ಟರು ಬಂದರು. ಅವರು ಮೊದಲು ಕೋಳಿ ನೋಡಲಿಲ್ಲ, ಕೇಜ್ ಕೆಳಗೆ ಬಿದ್ದ ಹಿಕ್ಕೆ ನೋಡಿದರು. ನೀರುನೀರಾಗಿತ್ತು, ಅಮೋನಿಯಾ ಕಣ್ಣಿಗೆ ಹೊಡೆಯುತ್ತಿತ್ತು. "ಫೀಡಿಗೆ ಏನು ಹಾಕೀರಿ?" ಅಂದರು. ಹೇಳಿದೆ. "ಉರಿಯೋ ಮನಿಗೆ ಸೌದಿ ಒಟ್ಟೀರಲ್ರೀ" ಅಂದರು.

ಅವರು ಅಲ್ಲೇ ಫೀಡ್ ಚೀಲದ ಮೇಲೆ ಕೂತು ವಿವರಿಸಿದರು. ಕೋಳಿಗೆ ಬೆವರಿಲ್ಲ. ಅದರ ಮೈಶಾಖ ಮಾಮೂಲಿಯಾಗೇ 41 ಡಿಗ್ರಿ ಸೆಲ್ಸಿಯಸ್ ಮೇಲಿರುತ್ತದೆ. ಹೊರಗೂ ಅಷ್ಟೇ ಬಿಸಿ ಆದಾಗ ಏದುಸಿರು ಬಿಟ್ಟು ನೀರಾವಿ ಹೊರಹಾಕುವುದೊಂದೇ ದಾರಿ. ಅದರ ಮೇಲೆ ತಿಂದದ್ದು ಅರಗುವಾಗಲೂ ಮೈಯೊಳಗೆ ಶಾಖ ಹುಟ್ಟುತ್ತದೆ. ಪ್ರೋಟೀನ್ ಅರಗುವಾಗ ಎಲ್ಲಕ್ಕಿಂತ ಜಾಸ್ತಿ, ಎಣ್ಣೆ ಅರಗುವಾಗ ಎಲ್ಲಕ್ಕಿಂತ ಕಮ್ಮಿ. ಬೇಕಾದ್ದಕ್ಕಿಂತ ಹೆಚ್ಚು ಪ್ರೋಟೀನ್ ಕೊಟ್ಟರೆ ಕೋಳಿ ಅದನ್ನು ಕೂಡಿಟ್ಟುಕೊಳ್ಳುವುದಿಲ್ಲ. ಒಡೆದು, ಸಾರಜನಕವನ್ನು ಯೂರಿಕ್ ಆಮ್ಲ ಮಾಡಿ ಹೊರಗೆ ಹಾಕುತ್ತದೆ. ಆ ಕೆಲಸಕ್ಕೂ ಶಕ್ತಿ ಖರ್ಚು, ಅದರಿಂದಲೂ ಶಾಖ. ಹಿಕ್ಕೆ ನೀರಾದದ್ದು, ಅಮೋನಿಯಾ ಎದ್ದದ್ದು ಎರಡೂ ಇದರಿಂದಲೇ.

ಹಾಗಾದರೆ ಕಮ್ಮಿ ತಿನ್ನುವ ಕೋಳಿಗೆ ಮೊಟ್ಟೆ ಇಡಲು ಪ್ರೋಟೀನ್ ಎಲ್ಲಿಂದ ಬರಬೇಕು? ಅಮೈನೋ ಆಮ್ಲದ ಮಾತು ಬರುವುದೇ ಇಲ್ಲಿ. ಕೋಳಿಗೆ ಬೇಕಾದ್ದು ಒಟ್ಟು ಪ್ರೋಟೀನ್ ಅಲ್ಲ, ಅದರೊಳಗಿನ ಕೆಲವು ಅಮೈನೋ ಆಮ್ಲಗಳು. ಮೆಕ್ಕೆಜೋಳ, ಸೋಯಾ ಫೀಡಿನಲ್ಲಿ ಮೊದಲು ಕೊರತೆ ಬೀಳುವುದು ಮೆಥಿಯೊನಿನ್, ಆಮೇಲೆ ಲೈಸಿನ್, ಆಮೇಲೆ ಥ್ರಿಯೊನಿನ್. ಈ ಮೂರರ ಕೊರತೆ ತುಂಬಲು ಸೋಯಾ ಏರಿಸುತ್ತಾ ಹೋದರೆ ಬೇಡದ ಉಳಿದ ಅಮೈನೋ ಆಮ್ಲಗಳೂ ಮೈಗೆ ಸೇರಿ ಉರಿಯುತ್ತವೆ. ಮೂರನ್ನೂ ಪುಡಿಯಾಗಿ ಹಾಕಿದರೆ ಸೋಯಾ ಇಳಿಸಬಹುದು.

ಟಾನಿಕ್ ಲೆಕ್ಕವನ್ನೂ ಅವರೇ ಮಾಡಿಸಿದರು. ಬಾಟಲಿ ಮೇಲೆ ಲೀಟರಿಗೆ 10 ಗ್ರಾಂ ಮೆಥಿಯೊನಿನ್ ಎಂದಿತ್ತು. ಎಂಟು ಸಾವಿರ ಕೋಳಿಗೆ ಹಂಚಿದರೆ ತಲೆಗೆ ಒಂದೂಕಾಲು ಮಿಲಿಗ್ರಾಂ. ಒಂದು ಲೇಯರ್‌ಗೆ ದಿನಕ್ಕೆ ಬೇಕಾದ್ದು ಸುಮಾರು 400 ಮಿಲಿಗ್ರಾಂ. ಆ ಸಿಹಿ ಔಷಧಿ ಕಾದ ಪೈಪಿನಲ್ಲಿ ನಿಂತು ಕೋಳಿ ನೀರು ಕುಡಿಯುವ ನಿಪ್ಪಲ್‌ಗಳಲ್ಲಿ ಲೋಳೆ ಕಟ್ಟಿತ್ತು, ಅಷ್ಟೇ ಆದದ್ದು. ಕೆಲವು ಸಾಲುಗಳಲ್ಲಿ ನೀರೇ ಸರಿಯಾಗಿ ಇಳಿಯುತ್ತಿರಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮುಂದಿನ ಬೇಸಿಗೆಗೆ, ಅಂದರೆ 2024ಕ್ಕೆ, ಡಾಕ್ಟರ ಜೊತೆ ಕೂತು ಬೇರೆ ಫಾರ್ಮುಲಾ ಬರೆದೆವು. ನಮ್ಮ ಲೆಕ್ಕ ಹೀಗಿತ್ತು. ಚಳಿಗಾಲದಲ್ಲಿ ಒಂದು ಕೋಳಿ 110 ಗ್ರಾಂ ತಿನ್ನುತ್ತದೆ. ಫೀಡಿನಲ್ಲಿ ಮೆಥಿಯೊನಿನ್ 0.40%. ಅಂದರೆ ದಿನಕ್ಕೆ 440 ಮಿಲಿಗ್ರಾಂ ಸಿಗುತ್ತದೆ. ಬೇಸಿಗೆಯಲ್ಲಿ 88 ಗ್ರಾಂ ತಿಂದರೆ ಅದೇ ಫೀಡಿನಿಂದ ಸಿಗುವುದು 352. ಮೊದಲಿನಷ್ಟೇ ಸಿಗಬೇಕಾದರೆ 0.50% ಇರಬೇಕು. ಟನ್ನಿಗೆ ಒಂದು ಕಿಲೋ ಹೆಚ್ಚು.

ಸೋಯಾ ಹಿಂಡಿ ಟನ್ನಿಗೆ 40 ಕಿಲೋ ತೆಗೆದೆವು. ಆ ಜಾಗಕ್ಕೆ 30 ಕಿಲೋ ಮೆಕ್ಕೆಜೋಳ, 10 ಕಿಲೋ ಅಕ್ಕಿ ತೌಡಿನ ಎಣ್ಣೆ. ಇದರಿಂದ ಫೀಡಿನ ಪ್ರೋಟೀನ್ ಶೇಕಡಾ ಹದಿನೇಳೂವರೆಯಿಂದ ಹದಿನಾರರ ಹತ್ತಿರ ಬಂತು. ಸೋಯಾ ಜೊತೆ ಹೋದದ್ದನ್ನೂ ಸೇರಿಸಿ ಮೆಥಿಯೊನಿನ್ ಮಾಮೂಲಿಗಿಂತ 1.2 ಕಿಲೋ ಹೆಚ್ಚು, ಲೈಸಿನ್ 2 ಕಿಲೋ, ಥ್ರಿಯೊನಿನ್ 700 ಗ್ರಾಂ. ಬೀಟೈನ್ ಒಂದು ಕಿಲೋ. ಬೀಟೈನ್ ಗ್ಲೈಸಿನ್‌ನಿಂದ ಆದ ವಸ್ತು. ಜೀವಕೋಶ ನೀರು ಹಿಡಿದಿಟ್ಟುಕೊಳ್ಳಲು ಅದು ನೆರವಾಗುತ್ತದೆ. "ಬೀಟೈನ್ ಹಾಕಿದರೆ ಮೆಥಿಯೊನಿನ್ ಕಮ್ಮಿ ಮಾಡಬಹುದು" ಎಂದು ಮಾರುವವರು ಹೇಳುತ್ತಾರೆ. ಮೆಥಿಯೊನಿನ್ ಮಾಡುವ ಒಂದು ಕೆಲಸವನ್ನು ಅದು ಹಂಚಿಕೊಳ್ಳುತ್ತದೆ ನಿಜ. ಆದರೆ ಮೊಟ್ಟೆಯ ಪ್ರೋಟೀನ್ ಕಟ್ಟಲು ಮೆಥಿಯೊನಿನ್ನೇ ಬೇಕು. ನಾನು ಕಮ್ಮಿ ಮಾಡಲಿಲ್ಲ.

ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ನಿಮ್ಮ ಸೋಯಾದಲ್ಲಿ ಪ್ರೋಟೀನ್ ಎಷ್ಟಿದೆ, ನಿಮ್ಮ ಕೋಳಿ ಎಷ್ಟು ತಿನ್ನುತ್ತಿದೆ ಎಂದು ನೋಡಿಯೇ ಲೆಕ್ಕ ಹಾಕಿಸಿ.

ಒಂದು ವಿಷಯ ನನಗೆ ಮೊದಲು ಗೊತ್ತೇ ಇರಲಿಲ್ಲ. ಲೈಸಿನ್ ಪುಡಿ ಬರುವುದು ಹೈಡ್ರೋಕ್ಲೋರೈಡ್ ರೂಪದಲ್ಲಿ, ಅದರ ಜೊತೆ ಕ್ಲೋರೈಡೂ ಫೀಡಿಗೆ ಸೇರುತ್ತದೆ. ಏದುಸಿರು ಬಿಟ್ಟು ಬಿಟ್ಟು ಕೋಳಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡಿರುತ್ತದೆ. ಮೊಟ್ಟೆ ಸಿಪ್ಪೆ ಕಟ್ಟಲು ಬೇಕಾದ ಬೈಕಾರ್ಬನೇಟೂ ಕಮ್ಮಿಯಾಗಿರುತ್ತದೆ. ಸಿಪ್ಪೆ ತೆಳುವಾಗುವುದು ಇದಕ್ಕೇ. ಅದಕ್ಕೆ ಕ್ಲೋರೈಡ್ ಇರುವ ಉಪ್ಪನ್ನು ಟನ್ನಿಗೆ ಒಂದು ಕಿಲೋ ಇಳಿಸಿ, ಬೈಕಾರ್ಬನೇಟ್ ಇರುವ ಅಡುಗೆ ಸೋಡಾ ಒಂದೂವರೆ ಕಿಲೋ ಹಾಕಿದೆವು. ತಿನ್ನುವುದು ಕಮ್ಮಿಯಾದರೆ ಸುಣ್ಣದಂಶವೂ ಕಮ್ಮಿ ಸಿಗುತ್ತದೆ ಅಲ್ವಾ, ಕಪ್ಪೆಚಿಪ್ಪು ಸ್ವಲ್ಪ ಏರಿಸಿದೆವು. ಪುಡಿ ಅಲ್ಲ, ದಪ್ಪ ಚೂರು, ಸಂಜೆ ಫೀಡಿನ ಮೇಲೆ ಉದುರಿಸುತ್ತೇವೆ. ಸಿಪ್ಪೆ ಕಟ್ಟುವುದು ರಾತ್ರಿ. ಆ ಹೊತ್ತಿಗೆ ಹೊಟ್ಟೆಯಲ್ಲಿ ಸುಣ್ಣ ನಿಧಾನಕ್ಕೆ ಕರಗುತ್ತಿರಬೇಕು.

ಮಿಕ್ಸ್ ಮಾಡುವುದರಲ್ಲೇ ಅರ್ಧ ಕೆಲಸ ಇದೆ. ಮೆಥಿಯೊನಿನ್ ಬಿಳಿ ಪುಡಿ, ಬೆಳಕಿಗೆ ಹಿಡಿದರೆ ಮಿನುಗುತ್ತದೆ. ಮೂಲಂಗಿ, ಎಲೆಕೋಸು ಹಳಸಿದಂಥ ಗಂಧಕದ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಲ್ಲಿ ಉಳಿಯುತ್ತದೆ. ಲೈಸಿನ್ ಕಂದು ಬಣ್ಣದ ಸಣ್ಣ ಹರಳು, ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ಒಂದು ಟನ್ ಫೀಡಿಗೆ ಸುಮ್ನೆ ಒಂದು ಕಿಲೋ ಪುಡಿ ಎರಚಿದರೆ ಒಂದು ಸಾಲಿಗೆ ಸಿಕ್ಕುತ್ತದೆ, ಇನ್ನೊಂದು ಸಾಲಿಗೆ ಸಿಗುವುದಿಲ್ಲ. ನಾವು ಮೊದಲು ಎಲ್ಲ ಪುಡಿಗಳನ್ನೂ ಹತ್ತು ಕಿಲೋ ಮೆಕ್ಕೆಜೋಳದ ಹಿಟ್ಟಿಗೆ ಕೈಯಲ್ಲೇ ಕಲಸುತ್ತೇವೆ. ಅದನ್ನು ಐವತ್ತು ಕಿಲೋಗೆ ಸೇರಿಸಿ ಮತ್ತೆ ಕಲಸುತ್ತೇವೆ. ಆಮೇಲೆ ಮಿಕ್ಸರ್‌ಗೆ. ಎಣ್ಣೆ ಕೊನೆಗೆ. ಎಣ್ಣೆ ಮೊದಲು ಬಿದ್ದರೆ ಪುಡಿ ಉಂಡೆಯಾಗುತ್ತದೆ. ತೂಕಕ್ಕೆ ಚಿನ್ನದಂಗಡಿಯವರಷ್ಟು ಅಲ್ಲದಿದ್ದರೂ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಮಗ್ ಅಳತೆ ಬೇಡ.

ಹೊತ್ತೂ ಬದಲಾಯಿಸಿದೆ. ತಿಂದ ನಾಲ್ಕಾರು ಗಂಟೆಗೆ ಅರಗುವ ಶಾಖ ಜಾಸ್ತಿ ಇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೊಟ್ಟೆ ತುಂಬಾ ತಿಂದ ಕೋಳಿ ಮಧ್ಯಾಹ್ನ ಎರಡು ಮೂರರ ಉರಿಯಲ್ಲಿ ಒಳಗಿನಿಂದಲೂ ಬೇಯುತ್ತದೆ. ಈಗ ಬೆಳಿಗ್ಗೆ ಐದಕ್ಕೆ ಫೀಡ್, ಹತ್ತರ ಹೊತ್ತಿಗೆ ತೊಟ್ಟಿ ಖಾಲಿ. ಮತ್ತೆ ಸಂಜೆ ಐದಕ್ಕೆ. ನಡುರಾತ್ರಿ ಹನ್ನೆರಡರಿಂದ ಒಂದು ಗಂಟೆವರೆಗೆ ಲೈಟ್ ಹಾಕುತ್ತೇವೆ. ತಣ್ಣನೆ ಹೊತ್ತಲ್ಲಿ ಎದ್ದು ತಿನ್ನುತ್ತವೆ, ನೀರು ಕುಡಿಯುತ್ತವೆ. ಆ ಗಂಟೆಯಲ್ಲಿ ಶೆಡ್ಡಿನೊಳಗೆ ನಿಂತರೆ ಎಂಟು ಸಾವಿರ ಕೊಕ್ಕು ತೊಟ್ಟಿಗೆ ತಾಗುವ ಶಬ್ದ ಒಳ್ಳೇ ಮಳೆ ಹೊಡೆದ ಹಾಗೆ ಕೇಳುತ್ತದೆ. ನನಗೆ ಇಡೀ ದಿನದಲ್ಲಿ ನೆಮ್ಮದಿ ಕೊಡುವ ಶಬ್ದ ಅದೊಂದೇ.

2024ರ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಬಿಸಿಗಾಳಿ ಹೇಗಿತ್ತು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆ ಎರಡು ವಾರದಲ್ಲಿ ನಮ್ಮಲ್ಲಿ ಹೋದದ್ದು ಒಟ್ಟು ಹದಿಮೂರು ಕೋಳಿ. ಹಿಂದಿನ ವರ್ಷ ಒಂದೇ ಮಧ್ಯಾಹ್ನಕ್ಕೆ ನಲವತ್ತೊಂದು. ಆದರೆ ಇದೆಲ್ಲಾ ಅಮೈನೋ ಆಮ್ಲದಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಅದೇ ವರ್ಷ ನೀರಿನ ಟ್ಯಾಂಕಿಗೆ ಚಪ್ಪರ ಹಾಕಿ ಒದ್ದೆ ಗೋಣಿ ಸುತ್ತಿದ್ದೆ. ಪೈಪನ್ನು ನೆಲದಲ್ಲಿ ಹೂತಿದ್ದೆ. ಶೀಟಿಗೆ ಸುಣ್ಣ ಬಳಿದು ಮೇಲೆ ಸ್ಪ್ರಿಂಕ್ಲರ್ ಕೂರಿಸಿದ್ದೆ. ಪಕ್ಕಕ್ಕೆ ಗೋಣಿ ಪರದೆ ಇಳಿಬಿಟ್ಟು ನೀರು ಹನಿಸಿದ್ದೆ. ಜೀವ ಉಳಿಸಿದ್ದು ಮುಖ್ಯವಾಗಿ ನೀರು ಮತ್ತು ನೆರಳು ಎಂದೇ ನನ್ನ ಲೆಕ್ಕ. ಕಾದ ನೀರನ್ನು ಕೋಳಿ ಕುಡಿಯುವುದಿಲ್ಲ, ಕುಡಿಯದಿದ್ದರೆ ಯಾವ ಪುಡಿಯೂ ಕಾಪಾಡುವುದಿಲ್ಲ.

ಫೀಡಿನ ಬದಲಾವಣೆ ಕಂಡದ್ದು ಮೊಟ್ಟೆಯಲ್ಲಿ. ಹಿಂದಿನ ಬೇಸಿಗೆಯಷ್ಟು ಮೊಟ್ಟೆ ಸಣ್ಣದಾಗಲಿಲ್ಲ. ಟ್ರೇಯಲ್ಲಿ ಒಡಕು ಕಮ್ಮಿಯಾಯಿತು. ಹಿಕ್ಕೆ ಗಟ್ಟಿಯಾಯಿತು, ಶೆಡ್ಡಿಗೆ ಕಾಲಿಟ್ಟಾಗ ಕಣ್ಣು ಉರಿಯುವುದು ನಿಂತಿತು. ಕೆಲಸದ ಅಕ್ಕ ಮೊದಲು ಗುರುತಿಸಿದ್ದೂ ಇದನ್ನೇ. "ಈ ಸಲ ವಾಸ್ನಿ ಇಲ್ಲಲ್ರೀ ಅಣ್ಣಾರ" ಅಂದರು. ಖರ್ಚಿನ ಮಾತು ಹೇಳುವುದಾದರೆ, ಪುಡಿಗಳಿಗೆ ಹಾಕಿದ ದುಡ್ಡಿನಲ್ಲಿ ಒಳ್ಳೇ ಪಾಲು ಸೋಯಾ ಕಮ್ಮಿಯಾದದ್ದರಿಂದ ವಾಪಸ್ ಬಂತು. 2021ರಲ್ಲಿ ಸೋಯಾ ಹಿಂಡಿ ಬೆಲೆ ಏರಿ, ಕೇಂದ್ರ ಸರ್ಕಾರ 12 ಲಕ್ಷ ಟನ್ ಆಮದಿಗೆ ಒಪ್ಪಿಗೆ ಕೊಟ್ಟದ್ದು ನೆನಪಿರಬೇಕು. ಅಂಥ ವರ್ಷ ಬಂದರೆ ಈ ಲೆಕ್ಕ ಇನ್ನೂ ಚೆನ್ನಾಗಿ ಕೂರುತ್ತದೆ.

ಕಂಪನಿ ಕಾಂಟ್ರಾಕ್ಟಿನಲ್ಲಿ ಬ್ರಾಯ್ಲರ್ ಸಾಕುವವರು ಫೀಡ್ ಮುಟ್ಟುವ ಹಾಗಿಲ್ಲ. ನಿಮಗೆ ಉಳಿಯುವುದು ನೀರು, ಹೊತ್ತು, ಗಾಳಿ. ಭತ್ತದ ಹೊಟ್ಟಿನ ಹಾಸು ತೆಳುವಾಗಿರಲಿ. ನೀರಿಗೆ ಎಲೆಕ್ಟ್ರೋಲೈಟ್, ವಿಟಮಿನ್ ಸಿ ಹಾಕುವುದಾದರೆ ಬೆಳಗಿನ ಹೊತ್ತು ಹಾಕಿ, ಆಮೇಲೆ ಪೈಪು ತೊಳೆಯಿರಿ.

ನಮ್ಮ ಮನೆಯವಳು ಹಿತ್ತಲಿನ ನಾಟಿ ಕೋಳಿಗಳಿಗೆ ಕಲ್ಲಂಗಡಿ ಸಿಪ್ಪೆ ಹಾಕುತ್ತಾಳೆ. ಕಲ್ಲಂಗಡಿಯಲ್ಲಿ ಸಿಟ್ರುಲಿನ್ ಎಂಬ ಅಮೈನೋ ಆಮ್ಲ ಇದೆ. ಜಪಾನಿನ ಕ್ಯುಶು ವಿಶ್ವವಿದ್ಯಾಲಯದವರು ಅದನ್ನು ಕೋಳಿಮರಿಗಳಿಗೆ ಕೊಟ್ಟು ನೋಡಿ, ಮೈಶಾಖ ಇಳಿದದ್ದನ್ನು ಕಂಡಿದ್ದಾರೆ. ಡಾಕ್ಟರು ಇದನ್ನು ಹೇಳಿದಾಗ ಅವಳಿಗೆ ಖುಷಿಯೋ ಖುಷಿ. ಸಿಪ್ಪೆಯಲ್ಲಿರುವ ಅಂಶ ಅಷ್ಟು ಕೆಲಸ ಮಾಡುತ್ತದೆ ಎನ್ನುವ ನಂಬಿಕೆ ನನಗಿಲ್ಲ. ಆದರೆ ತಣ್ಣನೆ ನೀರಿನಂಶವಂತೂ ಹೊಟ್ಟೆಗೆ ಹೋಗುತ್ತದೆ. ಎಂಟು ಸಾವಿರ ಕೋಳಿಗೆ ಸಿಟ್ರುಲಿನ್ ಪುಡಿ ಹಾಕುವಷ್ಟು ಶಕ್ತಿ ನನಗಿಲ್ಲ.

ಈಗ ಪ್ರತಿ ವರ್ಷ ಫೆಬ್ರವರಿ ಕೊನೆಗೆ ಬೇಸಿಗೆ ಫಾರ್ಮುಲಾಕ್ಕೆ ಹೋಗುತ್ತೇವೆ, ಒಂದು ವಾರದಲ್ಲಿ ಸ್ವಲ್ಪಸ್ವಲ್ಪವೇ ಬದಲಾಯಿಸುತ್ತಾ. ಶೆಡ್ ಗೋಡೆಯ ಮೇಲೆ ದಿನಾ ಎಷ್ಟು ಚೀಲ ಖಾಲಿಯಾಯಿತು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಜೂನ್‌ನಲ್ಲಿ ಮಳೆ ಬಿದ್ದು ಸತತ ನಾಲ್ಕು ದಿನ ಹದಿನೇಳು ಚೀಲ ದಾಟಿದರೆ ಹಳೇ ಫಾರ್ಮುಲಾಕ್ಕೆ ವಾಪಸ್. ಉಳಿದ ಲೈಸಿನ್ ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಟ್ಟುಬಿಡುತ್ತೇವೆ.