ಅರವಟ್ಟಿಗೆ ಚರ್ಚ್ ಗೇಟಿನೊಳಗೆ ಬೇಡ
ಚಿತ್ರದುರ್ಗ ಕಡೆಯ ಸಣ್ಣ ಸಭೆಗಳವರು ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದಾದರೆ ಬಸ್ ನಿಲ್ಲುವ ಕಡೆ, ನೆರಳಲ್ಲಿ ಇಡಿ. ಚರ್ಚ್ ಒಳಗೆ ಬರಲು ಸಂಕೋಚಪಡುವವರೂ ಅಲ್ಲಿ ನೀರು ಕುಡಿದು ನಾಲ್ಕು ಮಾತಾಡಿ ಹೋಗುತ್ತಾರೆ. 20 ಲೀಟರಿನ ಎರಡು ಮಣ್ಣಿನ ಮಡಕೆ, ಕೆಳಗೆ ಒದ್ದೆ ಮರಳು, ಸುತ್ತ ಒದ್ದೆ ಗೋಣಿಚೀಲ, ಉದ್ದ ಹಿಡಿಯ ಸೌಟು ಸಾಕು. ಲೋಟ ಅದ್ದಲು ಬಿಡಬೇಡಿ, ಇಡೀ ಮಡಕೆ ನೀರು ಕೆಡುತ್ತದೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು, ಕುದಿಸಿದರೂ ಹೋಗುವುದಿಲ್ಲ; ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ಕ್ಯಾನ್ ತುಂಬಿಸಿ ತನ್ನಿ. ಮಡಕೆಯನ್ನು ದಿನಾ ತೆಂಗಿನ ನಾರಿನಿಂದ ತಿಕ್ಕಿ, ಸೋಪು ಬೇಡ, ವಾಸನೆ ಹೀರಿಕೊಳ್ಳುತ್ತದೆ. ಮೋಡ ಕವಿದು ಗಾಳಿಯಲ್ಲಿ ತೇವ ಏರಿದ ದಿನ ನೀರು ಅಷ್ಟು ತಣ್ಣಗಾಗದು. ಪಕ್ಕದಲ್ಲಿ ಕರಪತ್ರ ಮಾತ್ರ ದಯವಿಟ್ಟು ಇಡಬೇಡಿ; ನೀರಿಗೆ ಷರತ್ತಿದೆ ಅನ್ನಿಸಿದರೆ ಬಾಯಾರಿದವರೂ ಹತ್ತಿರ ಬರುವುದಿಲ್ಲ.